ಔಷಧಿ ಹಾಕಿದ ಮರ ತಾಮ್ರ ಬಿಡುತ್ತಿದ್ದರೆ: ದೋಷ ಪತ್ತೆಹಚ್ಚುವ ಬಗೆ

ಏಪ್ರಿಲ್ ಕೊನೆಯ ವಾರ ವರ್ಷದ ಮೊದಲ ದೊಡ್ಡ ಮಳೆ ಬಂದು ಹೋಗಿತ್ತು. ಮರುದಿನ ಬೆಳಿಗ್ಗೆ ಬೆಂಗಳೂರಿನ ವಿಜಯನಗರದ ನಮ್ಮ ಮನೆಯ ತಾರಸಿಗೆ ಹೋಗಿ ನೋಡಿದರೆ, ಹದಿನೈದು ದಿನಗಳ ಹಿಂದಷ್ಟೇ ನಿಲ್ಲಿಸಿದ್ದ ಪೈನ್ ಮರದ ಚಪ್ಪರದ ಕೆಳಗೆ, ಪ್ರತಿ ಅಡ್ಡಪಟ್ಟಿಯ ತುದಿಗೂ ನೇರವಾಗಿ ಒಂದೊಂದು ನೀಲಿಹಸಿರು ಕಲೆ ಸಿಮೆಂಟಿನ ಮೇಲೆ ಸಾಲಾಗಿ ಮೂಡಿತ್ತು. ಕಲೆಯ ನಡುವೆ ಬಣ್ಣ ತೆಳುವಾಗಿತ್ತು, ಅಂಚಿನಲ್ಲಿ ಗಾಢವಾಗಿತ್ತು. ಹನಿ ಒಣಗುತ್ತಾ ತಾನು ಹೊತ್ತು ತಂದದ್ದನ್ನು ಅಂಚಿಗೆ ತಳ್ಳಿ ಬಿಟ್ಟುಹೋದ ಗುರುತು ಅದು. ಚಪ್ಪರದ ಒಂದು ಮೂಲೆಯಡಿ ಇಟ್ಟಿದ್ದ ತಾವರೆಯ ತೊಟ್ಟಿಯಲ್ಲಿ, ಸೊಳ್ಳೆಮರಿಗಳನ್ನು ತಿನ್ನಲೆಂದು ಬಿಟ್ಟಿದ್ದ ಗಪ್ಪಿ ಮೀನುಗಳೆಲ್ಲ ಸತ್ತು ತೇಲುತ್ತಿದ್ದವು. ತೆರೆದ ಬಿಸಿಲಿನಲ್ಲಿದ್ದ ಇನ್ನೊಂದು ತೊಟ್ಟಿಯ ಮೀನುಗಳಿಗೆ ಏನೂ ಆಗಿರಲಿಲ್ಲ.

ಚಪ್ಪರ ಕಟ್ಟಿದ ಮೇಸ್ತ್ರಿಯನ್ನು ಕರೆಸಿ ತೋರಿಸಿದೆ. "ಸಾರ್, ಇದು ಔಷಧಿ ಹಾಕಿರೋ ಮರ. ಮೊದಲೆರಡು ಮಳೆಗೆ ಬಣ್ಣ ಬಿಡುತ್ತೆ, ಆಮೇಲೆ ನಿಂತುಹೋಗುತ್ತೆ, ಗಾಬರಿ ಆಗಬೇಡಿ" ಎಂದರು. ಅವರು ಹೇಳಿದ್ದು ಸುಳ್ಳಲ್ಲ. ತಾಮ್ರ ಸೇರಿದ ಸಂರಕ್ಷಕಗಳನ್ನು ಹೀರಿದ ಯಾವ ಮರವೂ ಸ್ವಲ್ಪ ತಾಮ್ರವನ್ನು ನೀರಿಗೆ ಬಿಟ್ಟುಕೊಡದೆ ಇರುವುದಿಲ್ಲ, ಮೊದಲ ಕೆಲವು ಮಳೆಗಳಲ್ಲಿಯೇ ಅದು ಹೆಚ್ಚು. ಆದರೆ ಎಷ್ಟು ಬಿಡುತ್ತಿದೆ, ಎಷ್ಟು ಕಾಲ ಬಿಡುತ್ತದೆ, ಬಿಟ್ಟದ್ದು ಎಲ್ಲಿಗೆ ಹೋಗಿ ಸೇರುತ್ತಿದೆ ಎಂಬ ಮೂರು ಪ್ರಶ್ನೆಗಳನ್ನು ಆ ಉತ್ತರ ಮುಚ್ಚಿಹಾಕುತ್ತದೆ. ಈ ಮೂರಕ್ಕೂ ಮನೆಯ ಮಟ್ಟದಲ್ಲೇ ಬಹುಪಾಲು ಉತ್ತರ ಕಂಡುಕೊಳ್ಳಬಹುದಾದ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಅದು ತಾಮ್ರವೇ ಎಂದು ತಿಳಿಯಿರಿ

ತಾರಸಿಯ ಮೇಲಿನ ಹಸಿರೆಲ್ಲ ತಾಮ್ರವಲ್ಲ. ಪಾಚಿ ನೆರಳಿನ ಬದಿಯಲ್ಲಿ, ತೇವ ಆರದ ಕಡೆ ಹರಡಿಕೊಳ್ಳುತ್ತದೆ, ಕಾಲಿಟ್ಟರೆ ಜಾರುತ್ತದೆ. ಬಟ್ಟೆಗೆ ಹಾಕುವ ಬ್ಲೀಚನ್ನು ನೀರಿನಲ್ಲಿ ಬೆರೆಸಿ ನೆಲದ ಮೇಲೆ ಎರಡು ಹನಿ ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಅದರ ಬಣ್ಣ ಇಳಿಯುತ್ತದೆ. ತಾಮ್ರದ ಕಲೆ ಹನಿ ಬೀಳುವ ಸಾಲನ್ನೇ ಹಿಡಿದು ಮೂಡುತ್ತದೆ, ಬ್ಲೀಚಿಗೆ ಬಣ್ಣ ಕಳೆದುಕೊಳ್ಳುವುದಿಲ್ಲ, ಹುಳಿಗೆ ಮಾತ್ರ ಸೋಲುತ್ತದೆ. ತಾಮ್ರದ ಚೊಂಬಿಗೆ ಹಿಡಿದ ಕಿಲುಬನ್ನು ಹುಣಸೆಹಣ್ಣಿನಿಂದ ತಿಕ್ಕಿ ತೆಗೆಯುವುದು ಎಲ್ಲರ ಅಡುಗೆಮನೆಯಲ್ಲೂ ಕಂಡ ಸಂಗತಿ. ಇಲ್ಲಿ ನಡೆಯುವುದೂ ಅದೇ ರಸಾಯನಕ್ರಿಯೆ. ನಿಂಬೆರಸದಲ್ಲಿ ಅದ್ದಿದ ಬಿಳಿ ಹತ್ತಿಯನ್ನು ಕಲೆಯ ಮೇಲೆ ಐದು ನಿಮಿಷ ಒತ್ತಿಟ್ಟು ತೆಗೆದರೆ, ತಾಮ್ರವಿದ್ದ ಪಕ್ಷದಲ್ಲಿ ಹತ್ತಿಗೆ ತೆಳು ನೀಲಿಹಸಿರು ಹತ್ತಿರುತ್ತದೆ. ಬ್ಲೀಚಿನ ಪರೀಕ್ಷೆ ಮತ್ತು ಹುಳಿಯ ಪರೀಕ್ಷೆಗಳನ್ನು ಒಂದೇ ಜಾಗದಲ್ಲಿ ಎಂದಿಗೂ ಮಾಡಬಾರದು, ಏಕೆಂದರೆ ಎರಡೂ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ.

ಮೊಳೆ ಮತ್ತು ಸ್ಕ್ರೂಗಳ ಸುತ್ತ ಕಾಣುವ ಕಪ್ಪುನೀಲಿ ಮಚ್ಚೆ ಬೇರೆಯೇ ವಿಷಯ. ಮರದ ಒಗರು ಅಂಶವೂ ಕಬ್ಬಿಣವೂ ಕೂಡಿದಾಗ ಆಗುವ ಕಲೆ ಅದು, ಆಕ್ಸಾಲಿಕ್ ಆಮ್ಲಕ್ಕೆ ಹೋಗುತ್ತದೆ. ಆದರೂ ಅದನ್ನು ಕಡೆಗಣಿಸುವಂತಿಲ್ಲ. ತಾಮ್ರ ಕಬ್ಬಿಣವನ್ನು ತಿನ್ನುವ ಸ್ವಭಾವದ್ದಾದ್ದರಿಂದ, ಹೊಸ ಮರದಲ್ಲಿ ಮಾಮೂಲಿ ಮೊಳೆಗಳು ಬಹುಬೇಗ ತುಕ್ಕು ಹಿಡಿಯುತ್ತಿದ್ದರೆ ಕರಗುವ ರೂಪದ ತಾಮ್ರ ಮರದೊಳಗೆ ಇನ್ನೂ ಸಾಕಷ್ಟಿದೆ ಎಂದು ಅನುಮಾನಿಸಬೇಕು. ಮರದ ಮೇಲೆ ಬಿಳಿ ಪುಡಿ ಎದ್ದಿದ್ದರೆ ಅದು ಸಾಮಾನ್ಯವಾಗಿ ಬೋರಾನ್ ಲವಣ. ಬೋರಾನ್ ಮರಕ್ಕೆ ಗಟ್ಟಿಯಾಗಿ ಅಂಟುವುದೇ ಇಲ್ಲ, ಆದ್ದರಿಂದ ಅದನ್ನಷ್ಟೇ ಹಾಕಿದ ರಬ್ಬರ್ ಮರವನ್ನು ಮಳೆಗೆ ಒಡ್ಡುವುದು ಮೊದಲಿನಿಂದಲೇ ತಪ್ಪು.

ತಾಮ್ರ ಹೌದೆಂದಾದ ಮೇಲೂ ಅದು ಮರದಿಂದಲೇ ಬಂದಿತೆಂದು ತೀರ್ಮಾನಿಸುವ ಮೊದಲು ಒಮ್ಮೆ ತಲೆ ಎತ್ತಿ ನೋಡಿ. ಹವಾನಿಯಂತ್ರಣ ಯಂತ್ರದ ತಾಮ್ರದ ಕೊಳವೆ, ಸೋಲಾರ್ ನೀರು ಕಾಯಿಸುವ ಸಾಧನದ ಹಿತ್ತಾಳೆ ಜೋಡಣೆ, ಸೋರುವ ನಲ್ಲಿ, ಇವೂ ಇದೇ ಬಣ್ಣದ ಕಲೆ ಮಾಡುತ್ತವೆ. ಮಳೆ ಇಲ್ಲದ ದಿನಗಳಲ್ಲೂ ಕಲೆ ಬೆಳೆಯುತ್ತಿದ್ದರೆ ಮರದ ತಪ್ಪಲ್ಲ.

ಯಾವ ಔಷಧಿ ಎಂಬುದೇ ಅರ್ಧ ರೋಗನಿರ್ಣಯ

ಟಿಂಬರ್ ಅಂಗಡಿಗಳಲ್ಲಿ "ಟ್ರೀಟ್ಮೆಂಟ್ ಮಾಡಿದ ಮರ" ಎಂಬ ಒಂದೇ ಮಾತಿನಡಿ ತೀರ ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತವೆ. ಎಲ್ಲಕ್ಕಿಂತ ಹಳೆಯ ಕ್ರಮ ಮೈಲುತುತ್ತದ ದ್ರಾವಣ. ಅಡಿಕೆಯ ಕೊಳೆರೋಗಕ್ಕೆ ಸುಣ್ಣದೊಡನೆ ಬೆರೆಸಿ ಹೊಡೆಯುವ ಅದೇ ಮೈಲುತುತ್ತವನ್ನು ಹಸಿಮರದ ಬುಡದಿಂದ ರಸದ ಜಾಗಕ್ಕೆ ತುಂಬುವ ವಿಧಾನಕ್ಕೆ ಫ್ರಾನ್ಸಿನ ಬೂಶರಿ 1838ರಲ್ಲೇ ಪೇಟೆಂಟ್ ಪಡೆದಿದ್ದರು. ಬರಿಯ ಮೈಲುತುತ್ತ ಮರಕ್ಕೆ ಕಚ್ಚಿಕೊಳ್ಳುವುದು ಅತ್ಯಲ್ಪ. ಮಳೆಗೆ ಸಿಕ್ಕರೆ ಬಂದ ದಾರಿಯಲ್ಲೇ ಹೊರಟುಹೋಗುತ್ತದೆ. ಬಟ್ಟೆಗೆ ಬಣ್ಣ ಕಚ್ಚಬೇಕಾದರೆ ಪಟಿಕದಂಥ ಒಂದು ಕಚ್ಚುಪದಾರ್ಥ ಬೇಕಾಗುವಂತೆ, ಮರಕ್ಕೆ ತಾಮ್ರ ಕಚ್ಚಲೂ ಒಂದು ಮಧ್ಯವರ್ತಿ ಬೇಕು. ಆ ಮಧ್ಯವರ್ತಿಯಾಗಿ ಕ್ರೋಮಿಯಂ ಅನ್ನು ಸೇರಿಸಿ, ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಮೂರೂ ಇರುವ ಸಂರಕ್ಷಕವನ್ನು 1933ರಲ್ಲಿ ರೂಪಿಸಿದವರು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಸೊಂಟಿ ಕಾಮೇಶಂ. ಜಗತ್ತೆಲ್ಲ ಸಿಸಿಎ ಎಂದು ಕರೆಯುವ ಈ ವಸ್ತು ನಮ್ಮ ದೇಶದಲ್ಲೇ ಹುಟ್ಟಿತೆಂಬುದು ಮರದ ಕೆಲಸ ಮಾಡುವ ಅನೇಕರಿಗೇ ತಿಳಿದಿಲ್ಲ.

ಸಿಸಿಎ ಸರಿಯಾಗಿ ಕಚ್ಚಿಕೊಂಡಾಗ ತಾಮ್ರವನ್ನು ಬಹಳ ಕಡಿಮೆ ಬಿಡುತ್ತದೆ. ಆರ್ಸೆನಿಕ್‌ನ ಕಾರಣದಿಂದ ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಬಹುತೇಕ ಮರಕ್ಕೆ ಅದನ್ನು ಹಾಕುವುದು ನಿಂತಿತು. ಅದರ ಜಾಗಕ್ಕೆ ಬಂದ, ತಾಮ್ರವೇ ಮುಖ್ಯ ಅಂಶವಾದ ಎಸಿಕ್ಯೂ, ಕಾಪರ್ ಅಜೋಲ್ ಮುಂತಾದ ಸಂರಕ್ಷಕಗಳಲ್ಲಿ ಆರ್ಸೆನಿಕ್ ಇಲ್ಲ, ಕ್ರೋಮಿಯಂ ಕೂಡ ಇಲ್ಲ. ಆದರೆ ಕಚ್ಚುಪದಾರ್ಥವೇ ಇಲ್ಲದ ಕಾರಣ, ಮತ್ತು ತಾಮ್ರದ ಪ್ರಮಾಣವೇ ಹೆಚ್ಚಿರುವ ಕಾರಣ, ಇವು ಸಿಸಿಎಗಿಂತ ಹೆಚ್ಚು ತಾಮ್ರ ಬಿಡುತ್ತವೆ. ಇವುಗಳಲ್ಲಿ ತಾಮ್ರವು ಮರದ ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್‌ಗಳ ನಿರ್ದಿಷ್ಟ ತಾಣಗಳಿಗೆ ಅಂಟಿಕೊಳ್ಳುತ್ತದೆ. ಆ ತಾಣಗಳೆಲ್ಲ ತುಂಬಿದ ಮೇಲೂ ಔಷಧಿ ತುಂಬಿದರೆ ಮಿಕ್ಕದ್ದು ಮರದೊಳಗೆ ಅನಾಥವಾಗಿ ಉಳಿದು ಮೊದಲ ಮಳೆಗೆ ಹೊರಬೀಳುತ್ತದೆ. ಹೆಚ್ಚು ಔಷಧಿ ಹೀರಿದ ಮರವೇ ಉತ್ತಮ ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ.

ಹಾಗಾದರೆ ತಿಳಿಯುವುದು ಹೇಗೆ? ನ್ಯೂಜಿಲೆಂಡಿನಿಂದ ಬಂದ ಪೈನ್ ಆದರೆ ಹಲಗೆಯ ತುದಿಗೆ ಹೊಡೆದ ಸಣ್ಣ ಚೀಟಿ ಅಥವಾ ಮುದ್ರೆಯನ್ನು ಹುಡುಕಬೇಕು. ಅದರಲ್ಲಿ 01 ಎಂದಿದ್ದರೆ ಸಿಸಿಎ, 58 ಎಂದಿದ್ದರೆ ಕಾಪರ್ ಅಜೋಲ್, 90 ಎಂದಿದ್ದರೆ ಎಸಿಕ್ಯೂ. ನಮ್ಮ ಚಪ್ಪರದ ಒಂದೇ ಒಂದು ತುಂಡಿನಲ್ಲಿ, ಅದೂ ಅಂಗಳದಲ್ಲಿ ಬಿದ್ದಿದ್ದ ಕತ್ತರಿಸಿದ ಚೂರಿನಲ್ಲಿ, 90 ಎಂಬ ಅಂಕಿ ಉಳಿದಿತ್ತು. ಉಳಿದೆಲ್ಲ ತುದಿಗಳನ್ನು ಅಳತೆಗೆ ಕೊಯ್ದುಬಿಟ್ಟಿದ್ದರು. ಇಲ್ಲೇ ಔಷಧಿ ಹಾಕಿಸಿದ ನೀಲಗಿರಿ, ಸಿಲ್ವರ್ ಓಕ್, ಸರ್ವೆ ಮರಗಳಾದರೆ ಔಷಧಿಯ ಹೆಸರು ಮತ್ತು ಹಾಕಿದ ದಿನಾಂಕವನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಬೇಕು, ಮರ ಸಂರಕ್ಷಣೆಯ ಭಾರತೀಯ ಮಾನಕವಾದ ಐಎಸ್ 401 ಸಂಹಿತೆಯಂತೆ ಕೆಲಸ ಆಗಿದೆಯೇ ಎಂದು ಕೇಳಬೇಕು. ದಿನಾಂಕ ಏಕೆ ಅಷ್ಟು ಮುಖ್ಯವೆಂಬುದು ಮುಂದೆ ಬರುತ್ತದೆ.

ಹಸಿರು ಬಣ್ಣವನ್ನಷ್ಟೇ ಬಳಿದು ಮಾರುವ ಮರವೂ ಇದೆ. ಒಂದು ತುಂಡನ್ನು ತುದಿಯಿಂದ ಒಂದಡಿ ಒಳಗೆ ಅಡ್ಡಲಾಗಿ ಕೊಯ್ದು ನೋಡಿ. ಹಸಿರು ಹೊರಸುತ್ತಿನ ಬಿಳಿ ಭಾಗದುದ್ದಕ್ಕೂ ಇಳಿದಿರಬೇಕು. ಒಳಗಿನ ಚೇಗು ಔಷಧಿಯನ್ನು ಹೀರುವುದಿಲ್ಲ, ಆದ್ದರಿಂದ ನಡುವೆ ಬಣ್ಣವಿಲ್ಲದಿರುವುದು ದೋಷವಲ್ಲ. ಬಣ್ಣ ಕಾಗದದಷ್ಟು ತೆಳುವಾಗಿ ಹೊರಮೈಯಲ್ಲೇ ನಿಂತಿದ್ದರೆ ಅದು ದೋಷ. ಅನುಮಾನವಾದರೆ ಕ್ರೋಮ್ ಅಜುರಾಲ್ ಎಸ್ ಎಂಬ ಸೂಚಕದ್ರವವನ್ನು ಕೊಯ್ದ ಮೈಗೆ ಹಚ್ಚಿಸಿ ನೋಡಬಹುದು. ತಾಮ್ರವಿರುವಲ್ಲಿ ಅದು ಕಡುನೀಲಿಗೆ ತಿರುಗುತ್ತದೆ. ಮಲ್ಲೇಶ್ವರದ ಹದಿನೆಂಟನೇ ಅಡ್ಡರಸ್ತೆಯಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇಂಥ ವಿಷಯಗಳಲ್ಲೇ ಕೆಲಸ ಮಾಡುವ ಸಂಸ್ಥೆಯಾದ್ದರಿಂದ, ಬೆಂಗಳೂರಿನವರು ಮಾರ್ಗದರ್ಶನಕ್ಕೆ ದೂರ ಹೋಗಬೇಕಾಗಿಲ್ಲ.

ನಾಲ್ಕು ಸೀಸೆಗಳು

ನನ್ನ ಅನುಭವದಲ್ಲಿ ಎಲ್ಲ ಪರೀಕ್ಷೆಗಳಿಗಿಂತ ಹೆಚ್ಚು ತಿಳಿಸಿಕೊಟ್ಟದ್ದು ನಾಲ್ಕು ಪ್ಲಾಸ್ಟಿಕ್ ಸೀಸೆಗಳು. ಮೂರು ಸೀಸೆಗಳಲ್ಲಿ ಮೂರು ಬೇರೆ ಬೇರೆ ಮಳೆಗಳ ನೀರನ್ನು, ಅದೇ ಅಡ್ಡಪಟ್ಟಿಯ ಅದೇ ತುದಿಯಿಂದ ಬೀಳುವ ಹನಿಗಳನ್ನೇ ಹಿಡಿದು ಇಡಬೇಕು. ನಾಲ್ಕನೆಯದರಲ್ಲಿ ಮರವನ್ನು ಮುಟ್ಟದೆ ಆಕಾಶದಿಂದ ನೇರ ಬಿದ್ದ ಮಳೆನೀರು ಇರಬೇಕು. ಹೋಲಿಕೆಗೆ ಈ ನಾಲ್ಕನೆಯ ಸೀಸೆ ಇಲ್ಲದಿದ್ದರೆ ಉಳಿದ ಮೂರಕ್ಕೂ ಅರ್ಥವಿಲ್ಲ. ಲೋಹದ ಪಾತ್ರೆ, ಹಿತ್ತಾಳೆಯ ಆಲಿಕೆ ಬಳಸಬಾರದು. ಪ್ರತಿ ಸೀಸೆಯ ಮೇಲೂ ದಿನಾಂಕದ ಜೊತೆಗೆ ಮಳೆ ಜಡಿಮಳೆಯೋ ಜಿಟಿಜಿಟಿಯೋ ಎಂದು ಬರೆದಿಡಬೇಕು. ಮೇ ತಿಂಗಳ ಗುಡುಗು ಮಳೆ ಮರದ ಮೇಲೆ ರಪರಪನೆ ಬಿದ್ದು ಹರಿದುಹೋಗುತ್ತದೆ. ಜುಲೈನ ಜಿಟಿಜಿಟಿ ಮಳೆ ಗಂಟೆಗಟ್ಟಲೆ ಮರವನ್ನು ನೆನೆಸಿಟ್ಟು, ಒಳಗಿನ ತಾಮ್ರ ಮೇಲ್ಮೈಗೆ ಬರಲು ಸಮಯ ಕೊಡುತ್ತದೆ. ಹೀಗಾಗಿ ಬಿದ್ದ ಮಳೆಯ ಪ್ರತಿ ಮಿಲಿಮೀಟರ್‌ಗೆ ಲೆಕ್ಕ ಹಾಕಿದರೆ ನಿಧಾನದ ಮಳೆಯೇ ಹೆಚ್ಚು ತಾಮ್ರ ಹೊರತೆಗೆಯುತ್ತದೆ. ಇದನ್ನು ಗಮನಿಸದೆ ಹೋದರೆ ಮೇಗಿಂತ ಜುಲೈನಲ್ಲಿ ಬಣ್ಣ ಹೆಚ್ಚಿದ್ದನ್ನು ಕಂಡು ದೋಷ ಉಲ್ಬಣಿಸಿತೆಂದು ತಪ್ಪಾಗಿ ಭಾವಿಸುವ ಸಂಭವವಿದೆ.

ಅಳೆಯಲು ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ತಾಮ್ರದ ಪರೀಕ್ಷಾ ಪೆಟ್ಟಿಗೆ ಸಾಕು. ಕೊಳ್ಳುವಾಗ, ಅಮೈನ್‌ನಂಥ ಸಂಯುಕ್ತಗಳಲ್ಲಿ ಹಿಡಿದಿಟ್ಟ ತಾಮ್ರವನ್ನೂ ಅದು ಅಳೆಯುತ್ತದೆಯೇ ಎಂದು ನೋಡಿಕೊಳ್ಳಬೇಕು, ಏಕೆಂದರೆ ಎಸಿಕ್ಯೂ ಮರದಿಂದ ಬರುವ ತಾಮ್ರದ ಒಂದು ಪಾಲು ಆ ರೂಪದಲ್ಲಿರುತ್ತದೆ. ನನ್ನ ಮೊದಲ ಸೀಸೆ ಪೆಟ್ಟಿಗೆಯ ಬಣ್ಣದ ಪಟ್ಟಿಯ ಕಡುತುದಿಯನ್ನೂ ಮೀರಿತು, ನೀರು ಬೆರೆಸಿ ಅಳೆಯಬೇಕಾಯಿತು. ಎರಡನೆಯದು ಪಟ್ಟಿಯೊಳಗೆ ಬಂತು. ಮೂರನೆಯದು ಎರಡನೆಯದಕ್ಕಿಂತ ಹೆಚ್ಚೇನೂ ಇಳಿಯಲಿಲ್ಲ, ನಾಲ್ಕನೆಯದರಲ್ಲಿ ಬಣ್ಣವೇ ಇರಲಿಲ್ಲ. ಬಣ್ಣ ಮಳೆಯಿಂದ ಮಳೆಗೆ ಕಡಿದಾಗಿ ಇಳಿದರೆ ಮೇಲ್ಮೈಯಲ್ಲಿ ಉಳಿದ ಔಷಧಿ ತೊಳೆದುಹೋಗುತ್ತಿದೆ ಎಂದರ್ಥ, ಕಾಯಬಹುದು. ಇಳಿಯದೆ ನಿಂತರೆ ಒಳಗಿನದೇ ಕಚ್ಚಿಕೊಂಡಿಲ್ಲ, ಅಥವಾ ಮರ ಎಲ್ಲೋ ಸದಾ ನೆನೆಯುತ್ತಿದೆ.

ನೀರು ಕುಡಿಯುವ ಅಥವಾ ಅಡುಗೆಯ ಬಳಕೆಗೆ ಹೋಗುವ ಸಾಧ್ಯತೆ ಸ್ವಲ್ಪವಿದ್ದರೂ ಮನೆಯ ಪೆಟ್ಟಿಗೆಯನ್ನು ನಂಬದೆ ಮಾದರಿಯನ್ನು ಪ್ರಯೋಗಾಲಯಕ್ಕೆ ಕೊಡಬೇಕು. ಐಎಸ್ 10500 ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ತಾಮ್ರ ಲೀಟರಿಗೆ 0.05 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಆರ್ಸೆನಿಕ್‌ಗೆ ಒಪ್ಪಿತ ಮಿತಿ 0.01 ಮಿಲಿಗ್ರಾಂ. ಮರ ಸಿಸಿಎ ಆಗಿದ್ದರೆ ತಾಮ್ರದೊಂದಿಗೆ ಆರ್ಸೆನಿಕ್ ಮತ್ತು ಕ್ರೋಮಿಯಂ ಅನ್ನೂ ಅಳೆಯಿರೆಂದು ಬರೆದುಕೊಡಿ. ಸಿಸಿಎ ಮರದಿಂದ ಬೀಳುವ ಹನಿಯಲ್ಲಿ ಹಳದಿ ಛಾಯೆ ಕಂಡರಂತೂ ಕಚ್ಚಿಕೊಳ್ಳದ ಕ್ರೋಮಿಯಂ ಇನ್ನೂ ಇದೆಯೆಂದು ಭಾವಿಸಿ ಬರಿಗೈಯಿಂದ ಮುಟ್ಟಬೇಡಿ.

ಮೀನುಗಳು ಸತ್ತದ್ದೇಕೆ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಗಡಸುನೀರಿನಲ್ಲಿ ತಾಮ್ರದ ವಿಷ ಬಹಳಷ್ಟು ತಗ್ಗುತ್ತದೆ, ಮೆದುನೀರಿನಲ್ಲಿ ಅಷ್ಟೇ ತಾಮ್ರ ಮಾರಕವಾಗುತ್ತದೆ. ನಮ್ಮ ಕೊಳವೆಬಾವಿಯ ಗಡಸುನೀರು ತುಂಬಿದ ತೊಟ್ಟಿಗೆ ಅದೇ ಹನಿಗಳು ಬಿದ್ದಿದ್ದರೆ ಮೀನುಗಳು ಬಹುಶಃ ಬದುಕುತ್ತಿದ್ದವು. ಮಳೆನೀರು ತುಂಬಿದ ತೊಟ್ಟಿಯಲ್ಲಿ ಅವುಗಳಿಗೆ ಆ ರಕ್ಷಣೆ ಇರಲಿಲ್ಲ.

ಕಾರಣ ಬಹುಪಾಲು ದಿನಾಂಕದಲ್ಲಿ

ಸರಬರಾಜುದಾರರಿಂದ ದಿನಾಂಕ ಕೇಳಿ ತಿಳಿದಾಗ ನಮ್ಮ ಪ್ರಕರಣ ಬಿಡಿಸಿಕೊಂಡಿತು. ಇಲ್ಲೇ ಒಂದು ಘಟಕದಲ್ಲಿ ಆ ಮರಕ್ಕೆ ಮರಳಿ ಔಷಧಿ ಹಾಕಿಸಿದ್ದರು. ಒತ್ತಡದ ಸಿಲಿಂಡರಿನಿಂದ ಹೊರಬಂದ ನಾಲ್ಕನೆಯ ದಿನ ಅದು ನಮ್ಮ ತಾರಸಿಯಲ್ಲಿತ್ತು, ಆ ನಾಲ್ಕು ದಿನವೂ ಲಾರಿಯ ಮೇಲೆ, ಬಿಸಿಲಿನಲ್ಲಿ. ಔಷಧಿ ಮರಕ್ಕೆ ಕಚ್ಚುವುದು ಒಂದು ರಾಸಾಯನಿಕ ಕ್ರಿಯೆ, ಅದಕ್ಕೆ ಸಮಯ, ಬೆಚ್ಚಗಿನ ವಾತಾವರಣ ಮತ್ತು ಮರದೊಳಗೆ ತೇವ, ಮೂರೂ ಬೇಕು. ಸಿಸಿಎಗೆ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕೆಲವು ವಾರಗಳೇ ಬೇಕಾಗುತ್ತವೆ, ಬಿಸಿ ಹೆಚ್ಚಿದಷ್ಟೂ ಅವಧಿ ಕುಗ್ಗುತ್ತದೆ. ಬೇಗ ಒಣಗಿಸಿದರೆ ಕೆಲಸ ಬೇಗ ಆಗುತ್ತದೆಂದು ಹಲವರು ಮರವನ್ನು ಬಿಸಿಲಿಗೆ ಹರಡುತ್ತಾರೆ. ತೇವ ಹೋದರೆ ಕ್ರಿಯೆಯೂ ಅಲ್ಲಿಗೇ ನಿಲ್ಲುತ್ತದೆ. ಹೊಸದಾಗಿ ಔಷಧಿ ಹಾಕಿದ ಮರವನ್ನು ನೆರಳಿನಲ್ಲಿ ಒತ್ತಾಗಿ ಒಟ್ಟಿ, ಟಾರ್ಪಾಲು ಹೊದಿಸಿ, ಮಳೆ ತಾಗದಂತೆ ಮೂರು ವಾರ ಇಟ್ಟು, ಆಮೇಲೆ ಗಾಳಿಯಾಡಲು ಬಿಡುವುದೇ ಸರಿಯಾದ ಕ್ರಮ. ಮುಂಗಾರಿನ ಮುಂಚಿನ ಮಳೆಗಳು ಏಪ್ರಿಲ್‌ನಲ್ಲೇ ಶುರುವಾಗುವ ಬೆಂಗಳೂರಿನಲ್ಲಿ ಇಂಥ ಕೆಲಸವನ್ನು ಜನವರಿ, ಫೆಬ್ರುವರಿಯಲ್ಲಿ ಹಮ್ಮಿಕೊಂಡರೆ ತೊಂದರೆಯ ಅರ್ಧ ಭಾಗ ಹುಟ್ಟುವುದೇ ಇಲ್ಲ.

ದಿನಾಂಕ ಸರಿಯಿದ್ದೂ ತಾಮ್ರ ಇಳಿಯದಿದ್ದರೆ ತುದಿಗಳನ್ನು ನೋಡಬೇಕು. ಮರದ ನಾಳಗಳು ತುದಿಯಲ್ಲಿ ತೆರೆದುಕೊಂಡಿರುವುದರಿಂದ ನೀರು ಒಳಹೋಗುವುದೂ ಔಷಧಿ ಹೊರಬರುವುದೂ ಅಲ್ಲೇ ಹೆಚ್ಚು. ನಮ್ಮಲ್ಲಿ ಕಲೆಗಳು ತುದಿಗಳ ಕೆಳಗೇ ಸಾಲುಗಟ್ಟಿದ್ದೂ ಅದಕ್ಕೇ. ಕಂಬದ ಬುಡ ನೀರು ನಿಲ್ಲುವ ಜಾಗದಲ್ಲಿದ್ದರೆ ಅಥವಾ ಎಲೆಗೊಬ್ಬರಕ್ಕೆ ತಾಗಿಕೊಂಡಿದ್ದರೆ, ಕೊಳೆಯುವ ಎಲೆಗಳ ಆಮ್ಲಗಳು ಹುಣಸೆಹುಳಿ ಕಿಲುಬಿಗೆ ಮಾಡುವುದನ್ನೇ ಮರದ ತಾಮ್ರಕ್ಕೆ ಮಾಡುತ್ತವೆ. ಮರ ಹೊಳೆಯಲೆಂದು ಸಿಟ್ರಿಕ್ ಅಥವಾ ಆಕ್ಸಾಲಿಕ್ ಆಮ್ಲದ ತೊಳೆಯುವ ದ್ರವ ಬಳಸಿದರೂ ಇದೇ ಪರಿಣಾಮ. ಸಿಸಿಎ ಮರಕ್ಕೆ ಬ್ಲೀಚ್ ಹಚ್ಚುವುದು ಇನ್ನೂ ಅಪಾಯಕರ, ಏಕೆಂದರೆ ನಿರುಪದ್ರವಿ ರೂಪಕ್ಕೆ ಇಳಿದಿದ್ದ ಕ್ರೋಮಿಯಂ ಅದರಿಂದ ಮತ್ತೆ ವಿಷಕಾರಿ ರೂಪಕ್ಕೆ ಮರಳುತ್ತದೆ. ಮರದ ಪಾಚಿಗೆ ಮೆದು ಬ್ರಷ್, ಸಾಬೂನು ನೀರು ಸಾಕು.

ನೀರಿನ ದಾರಿಯನ್ನು ಮೊದಲು ತಿರುಗಿಸಿ

ಮರವನ್ನು ಸರಿಪಡಿಸಲು ವಾರಗಳು ಬೇಕು. ನೀರಿನ ದಾರಿಯನ್ನು ಅರ್ಧ ಗಂಟೆಯಲ್ಲಿ ಬದಲಿಸಬಹುದು. ನಮ್ಮ ಊರಿನಲ್ಲಿ ಇದು ವಿಶೇಷ ಮಹತ್ವದ ವಿಷಯ. 2009ರ ತಿದ್ದುಪಡಿಯ ನಂತರ ಜಲಮಂಡಳಿ ಮಳೆನೀರು ಸಂಗ್ರಹವನ್ನು ಕಡ್ಡಾಯಗೊಳಿಸಿರುವುದರಿಂದ ಅನೇಕ ಮನೆಗಳಲ್ಲಿ ತಾರಸಿಯ ನೀರು ನೇರವಾಗಿ ಸಂಪಿಗೋ ಇಂಗುಗುಂಡಿಗೋ ಹೋಗುತ್ತದೆ. ತಾರಸಿಯಲ್ಲಿ ಔಷಧಿ ಹಾಕಿದ ಮರದ ಚಪ್ಪರ ಅಥವಾ ನೆಲಹಾಸು ಇದ್ದರೆ, ಆ ಭಾಗದ ನೀರನ್ನು ಸಂಗ್ರಹದ ಕೊಳವೆಯಿಂದ ಬೇರ್ಪಡಿಸಲೇಬೇಕು. ಮೊದಲ ಮಳೆಯ ನೀರನ್ನು ಹೊರಚೆಲ್ಲುವ ಸಾಧನ ಇದೆಯಲ್ಲ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಹತ್ತು ಚದರ ಮೀಟರ್ ಚಪ್ಪರದ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ 250 ಲೀಟರ್ ನೀರಾಗುತ್ತದೆ. ಸಾಧನ ಮೊದಲ 2 ಮಿಲಿಮೀಟರ್ ಅನ್ನು ಚೆಲ್ಲಿದರೆ ಹೋಗುವುದು 20 ಲೀಟರ್ ಮಾತ್ರ. ಧೂಳು ಮೊದಲ ನೀರಿನಲ್ಲಿ ಹೋಗಿಬಿಡುತ್ತದೆ, ಮರದ ತಾಮ್ರವೋ ಮಳೆ ನಿಲ್ಲುವವರೆಗೂ ಬರುತ್ತಲೇ ಇರುತ್ತದೆ.

ಬೇರ್ಪಡಿಸಿದ ನೀರನ್ನು ರಸ್ತೆಯ ಚರಂಡಿಗೆ ಬಿಟ್ಟರೆ ಅದು ರಾಜಕಾಲುವೆ ಹಿಡಿದು ಯಾವುದೋ ಕೆರೆಗೆ ಸೇರುತ್ತದೆ, ಅಲ್ಲಿಯೂ ಮೀನುಗಳಿವೆ. ಹೂಗಿಡಗಳಿರುವ, ಸಾವಯವ ಅಂಶ ಚೆನ್ನಾಗಿರುವ ಮಣ್ಣಿನ ಪಾತಿಗೆ ಹರಿಸುವುದು ಮೇಲು. ತಾಮ್ರ ಅಲ್ಲಿ ಮೇಲಿನ ಕೆಲವೇ ಅಂಗುಲಗಳಲ್ಲಿ ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಆದ್ದರಿಂದಲೇ ಆ ಪಾತಿಯಲ್ಲಿ ಸೊಪ್ಪು, ತರಕಾರಿ ಬೆಳೆಯಬಾರದು.

ಇನ್ನು ಮರದ ಚಿಕಿತ್ಸೆ. ಮರ ಪೂರ್ತಿ ಒಣಗಿದ ಮೇಲೆ ನೀರು ತಡೆಯುವ ಎಣ್ಣೆ ಆಧಾರಿತ ಲೇಪವನ್ನು ಎಲ್ಲ ಮೈಗೂ, ತುದಿಗಳಿಗೆ ಎರಡು ಮೂರು ಸಲ ಹೀರುವಷ್ಟು ಹಚ್ಚಬೇಕು, ಒಂದೆರಡು ವರ್ಷಕ್ಕೊಮ್ಮೆ ಮರಳಿ ಹಚ್ಚಬೇಕು. ಪದರವಾಗಿ ಕೂರುವ ದಪ್ಪ ಬಣ್ಣವನ್ನು ನಾನು ಒಪ್ಪುವುದಿಲ್ಲ. ನಮ್ಮ ಬಿಸಿಲಿಗೆ ಅದು ಸುಲಿದೇ ಸುಲಿಯುತ್ತದೆ, ಆಮೇಲೆ ಅದನ್ನು ಉಜ್ಜಿ ತೆಗೆಯುವಾಗ ಔಷಧಿಯ ಧೂಳನ್ನೇ ಉಸಿರಾಡಬೇಕಾಗುತ್ತದೆ. ಕಂಬಗಳನ್ನು ಲೋಹದ ಪಾದದ ಮೇಲೆ ನೆಲದಿಂದ ಎರಡು ಬೆರಳಷ್ಟಾದರೂ ಎತ್ತಿ ನಿಲ್ಲಿಸಬೇಕು. ಸ್ಕ್ರೂಗಳು ಸ್ಟೇನ್‌ಲೆಸ್ ಆಗಿರಲಿ, ಇಲ್ಲವೇ ಬಿಸಿ ಸತುವಿನಲ್ಲಿ ಅದ್ದಿದವಾಗಿರಲಿ.

ಕೊಯ್ದ ಚೂರುಗಳ ಬಗ್ಗೆ ಒಂದು ಮಾತು ಒತ್ತಿ ಹೇಳಲೇಬೇಕು. ಕಟ್ಟಡದ ಕೆಲಸ ನಡೆಯುವ ಕಡೆ ಮರದ ಚೂರು ವ್ಯರ್ಥವಾಗುವುದಿಲ್ಲ. ಕಾವಲುಗಾರರ ಮನೆಯವರು ಅದನ್ನು ಒಲೆಗೆ ಆಯ್ದುಕೊಳ್ಳುತ್ತಾರೆ, ಹಂಡೆಯ ನೀರು ಕಾಯಿಸಲು ಒಯ್ಯುತ್ತಾರೆ, ಬೂದಿಯಿಂದ ಪಾತ್ರೆ ಬೆಳಗುತ್ತಾರೆ. ಸಿಸಿಎ ಮರ ಸುಟ್ಟರೆ ಹೊಗೆಯಲ್ಲೂ ಬೂದಿಯಲ್ಲೂ ಆರ್ಸೆನಿಕ್ ಇರುತ್ತದೆ. ನಮ್ಮಲ್ಲಿ ಕೊಯ್ತ ಮುಗಿದ ಸಂಜೆಯೇ ಪಕ್ಕದ ನಿವೇಶನದ ಕಾವಲುಗಾರರ ಹೆಂಡತಿ ಒಂದು ಪುಟ್ಟಿ ಹಸಿರು ಚೂರುಗಳನ್ನು ತುಂಬಿಕೊಂಡಿದ್ದರು. ಅವರ ಎರಡು ಮಕ್ಕಳು ಒಲೆಯ ಪಕ್ಕದಲ್ಲೇ ಕೂತಿದ್ದವು. ವಿಷಯ ತಿಳಿಸಿ, ಆ ಪುಟ್ಟಿಯನ್ನು ವಾಪಸು ಪಡೆದು, ಬದಲಿಗೆ ಸೌದೆ ತಂದುಕೊಟ್ಟೆವು. ಇಂಥ ಚೂರುಗಳನ್ನು ಮೊದಲ ದಿನವೇ ಚೀಲದಲ್ಲಿ ಕಟ್ಟಿ ಬೇರೆ ಇಡಿ, ಅಲ್ಲಿರುವವರಿಗೆಲ್ಲ ಅದು ಸುಡುವ ಮರವಲ್ಲವೆಂದು ಬಾಯಿಬಿಟ್ಟು ಹೇಳಿ. ಕೊಯ್ದ ಹೊಟ್ಟನ್ನೂ ಗುಡಿಸಿ ಅದರ ಜೊತೆಗೇ ಕಟ್ಟಬೇಕು, ಏಕೆಂದರೆ ಮೈ ಹೆಚ್ಚಿರುವ ಹೊಟ್ಟು ಹಲಗೆಗಿಂತ ಬೇಗ ತಾಮ್ರ ಬಿಡುತ್ತದೆ.

ನಾವು ಚಪ್ಪರಕ್ಕೆ ನಾಲ್ಕು ವಾರ ಟಾರ್ಪಾಲು ಹೊದಿಸಿದೆವು, ಒಣಗಿದ ಮೇಲೆ ಎಣ್ಣೆ ಲೇಪ ಕೊಟ್ಟೆವು, ತಾವರೆಯ ತೊಟ್ಟಿಯನ್ನು ಬಯಲಿಗೆ ಸರಿಸಿ ನೀರು ಬದಲಿಸಿದೆವು. ಅಕ್ಟೋಬರ್ ಮಳೆಯಲ್ಲಿ ಅದೇ ತುದಿಯಿಂದ ಹಿಡಿದ ಸೀಸೆ ಪಟ್ಟಿಯ ತೆಳುತುದಿಗೆ ಬಂದಿತ್ತು, ಆದರೆ ಬಣ್ಣವಿಲ್ಲದ ಹೋಲಿಕೆಯ ಸೀಸೆಯಷ್ಟು ತಿಳಿಯಾಗಿರಲಿಲ್ಲ. ತೊಟ್ಟಿಯಲ್ಲಿ ಈಗ ಹೊಸ ಗಪ್ಪಿಗಳಿವೆ. ಚಪ್ಪರದ ಕಡೆಯ ಕೊಳವೆಯನ್ನು ಮಾತ್ರ ಸಂಪಿಗೆ ಮರಳಿ ಜೋಡಿಸಿಲ್ಲ.